ಮೂರಡಿ ದೂರದ ಚೆಂಡು

ಅಲ್ಲಾಡಿತು — ಇಲ್ಲ, ಅಲ್ಲಾಡಿದ್ದು ಕಾರು, ಗಣಪತಿಯಲ್ಲ, ಬ್ರಹ್ಮಾವರ ಪೇಟೆ ದಾಟುವಾಗ ಅಗೆದು ಹಾಕಿದ ರಸ್ತೆಯ ಅಂಚಿಗೆ ಚಕ್ರ ಹತ್ತಿ ಇಳಿದದ್ದಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಹೆಬ್ಬೆರಳು ಗಾತ್ರದ ಗಣಪತಿ ಕೂದಲೆಳೆಯಷ್ಟು ಎಡಕ್ಕೆ ವಾಲಿದ್ದು, ಅಷ್ಟೇ, ಆದರೆ ರತೀಶ ತನ್ನ ಕೈ ಎಲ್ಲಿದೆಯೆಂದು ನೋಡಿಕೊಂಡ, ನಾಲ್ಕು ದಿನಗಳಿಂದ ಹೀಗೇ, ಊಟದ ಎಲೆಯ ಮೇಲೆ ನಿಂಬೆಹೋಳು ಹೊರಳಿದರೂ, ತಂಗಿಯ ಮನೆಯ ಮೇಜಿನ ಮೇಲೆ ಪೆನ್ನು ಉರುಳಿದರೂ, ಯಾರು ಮುಟ್ಟಿದರು, ಯಾರೂ ಮುಟ್ಟಲಿಲ್ಲವಲ್ಲ, ತಾನೇ ಮುಟ್ಟಿದೆನೇ ಎಂದು ಸುತ್ತ ನೋಡುವುದು, ಮೂವತ್ತಮೂರು ವರ್ಷದ ಗಂಡಸು, ದೇಶದ ದೊಡ್ಡ ದೊಡ್ಡ ಗಾಲ್ಫ್ ಮೈದಾನಗಳಲ್ಲಿ ಆಡಿ ಬಂದವನು, ನಿಂಬೆಹೋಳಿಗೆ ಬೆಚ್ಚಿ ಬೀಳುವುದು. ಎಂತ ಭಾವ, ನಿದ್ರಿ ಬತ್ತಾ, ಎಂದು ಸ್ಟೇರಿಂಗ್ ಹಿಡಿದ ನಿತೇಶ ಕೇಳಿದ. ನಿತೇಶ ಎಂದರೆ ತಂಗಿ ದೀಕ್ಷಾಳ ಗಂಡ, ಬ್ರಹ್ಮಾವರದಲ್ಲಿ ಹೋಟೆಲು, ಬಾಯಿ ಸುಮ್ಮನಿದ್ದರೆ ಜ್ವರ ಬಂದೀತು ಎನ್ನುವ ಜಾತಿಯ ಮನುಷ್ಯ, ಒಳ್ಳೆಯವನು, ಅದೇ ಕಷ್ಟ, ಎಲ್ಲರೂ ಒಳ್ಳೆಯವರೇ ಈಗ, ಬೈಂದೂರಿನ ಸಭಾಭವನದಲ್ಲಿ ಐದು ಗಂಟೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಇಟ್ಟುಕೊಂಡು ಕಾಯುತ್ತಿರುವ ಯುವಕ ಮಂಡಲದವರೂ ಒಳ್ಳೆಯವರೇ, ನಮ್ಮ ಕಡೆಯ ಹುಡುಗ ಮತ್ತೆ ಟೂರ್ ಕಾರ್ಡ್ ಗೆದ್ದ ಎಂದು ಸನ್ಮಾನ, ಗೆದ್ದ, ಹೌದು, ಒಂದೇ ಒಂದು ಹೊಡೆತದಿಂದ. ಇಲ್ಲ ಮರಾಯ, ನಿದ್ರಿ ಎಲ್ಲಿತ್ತ್, ಎಂದ ರತೀಶ, ಮತ್ತೆ ಅದೇ ಹುಲ್ಲು, ಪುಣೆಯಾಚೆಯ ಆ ಮೈದಾನದ ಹದಿನೆಂಟನೆಯ, ಕೊನೆಯ ಹೋಲಿನ ಕುಳಿಯ ಹತ್ತಿರದ ಒತ್ತಾಗಿ ಕತ್ತರಿಸಿದ ಹುಲ್ಲು, ನಾಲ್ಕು ದಿನದ ಅರ್ಹತಾ ಪಂದ್ಯದ ಕೊನೆಯ ದಿನದ ಕೊನೆಯ ಹೊಡೆತ, ಮೊದಲ ಮೂವತ್ತು ಮಂದಿಗೆ ಮಾತ್ರ ಮುಂದಿನ ಇಡೀ ವರ್ಷ ಆಡುವ ಕಾರ್ಡು, ಬೋರ್ಡಿನಲ್ಲಿ ಅವನು ಮೂವತ್ತನೆಯವನು, ಈ ಹೋಲನ್ನು ನಾಲ್ಕು ಹೊಡೆತಕ್ಕೆ ಮುಗಿಸಿದರೆ ಉಳಿದ, ಐದಾದರೆ ಹಿಂದಿನವನ ಜೊತೆ ಸಮ. ಚೆಂಡು ಮೂರಡಿ ದೂರ. ಚೆಂಡಿನ ಮೇಲೆ ತಾನೇ ಹಸಿರು ಶಾಯಿಯಲ್ಲಿ ಎಳೆದ ಗೆರೆ, ಹೋಲಿನ ಕಡೆ ನೆಟ್ಟಗೆ ನಿಲ್ಲಿಸಿದ್ದ ಗೆರೆ, ಪಟ್ಟರನ್ನು, ಹೋಲಿನ ಹತ್ತಿರ ಚೆಂಡು ತಳ್ಳುವ ಕೋಲನ್ನು, ಚೆಂಡಿನ ಹಿಂದೆ ಊರಿದ್ದೇ ತಡ, ಅಕ್ಕಿಕಾಳಿನಷ್ಟು ಹೊರಳಿತು. ಹೇಳಿದ್ದರೆ ಒಂದು ಹೊಡೆತದ ದಂಡ, ಚೆಂಡನ್ನು ಮೊದಲಿದ್ದ ಜಾಗಕ್ಕೆ ಇಟ್ಟು ಆಡುವುದು, ನಾಲ್ಕು ಐದಾಗುತ್ತಿತ್ತು, ಅವನು ಹೇಳಲಿಲ್ಲ, ಹೊಡೆದ, ಚೆಂಡು ಒಳಗೆ ಬಿತ್ತು, ಜೊತೆಯಲ್ಲಿ ಆಡುತ್ತಿದ್ದ ಕೌಶಲ, ನಿಯಮದ ಪ್ರಕಾರ ಇವನ ಅಂಕ ಬರೆಯಬೇಕಾದವನು, ಟೊಪ್ಪಿಯ ಕೆಳಗೆ ಸಿಕ್ಕಿಸಿದ್ದ ಮೋಟು ಪೆನ್ಸಿಲ್ ತೆಗೆದು, ನಾಲ್ಕಾ ಅಣ್ಣ, ಎಂದ. ನಾಲ್ಕೇ, ಎಂದ ರತೀಶ. ಪೆನ್ಸಿಲ್ಲು ಅಂಕದ ಕಾರ್ಡಿನ ಮೇಲೆ ಒಂದು ಗಳಿಗೆ ನಿಂತು ಆಮೇಲೆ ಬರೆಯಿತು. ಮೂವತ್ತೊಂದನೆಯವನು ಕೌಶಲನೇ, ಒಂದೇ ಹೊಡೆತ ಹಿಂದೆ.

ಸಾಸ್ತಾನ ಹೋಯಿತು, ಕೋಟ ಹೋಯಿತು, ರಸ್ತೆಯ ಎರಡೂ ಬದಿ ಕೆಂಪು ಧೂಳು, ನಾಲ್ಕು ಸಾಲಿನ ಹೆದ್ದಾರಿ ಮಾಡುತ್ತೇವೆಂದು ಅಂಗಡಿಗಳ ಮುಂಭಾಗವನ್ನೆಲ್ಲ ಕತ್ತರಿಸಿ ಬಿಟ್ಟಿದ್ದಾರೆ, ಅರ್ಧ ಜಗಲಿಯ ಮನೆಯೊಂದರಲ್ಲಿ ಯಾರೋ ಹೆಂಗಸು ಏನೂ ಆಗದವಳ ಹಾಗೆ ಮಲ್ಲಿಗೆ ಕಟ್ಟುತ್ತ ಕೂತಿದ್ದಾಳೆ. ನಿಮ್ಮನ್ನ್ ಈ ಸಲ ಕ್ಯಾಪ್ಟನ್ ಮಾಡಿದ್ದೆ ಭಾವ, ಎಂದ ನಿತೇಶ, ಬಂತಲ್ಲ ಮತ್ತೆ ಅವನ ಟೀಮಿನ ಪುರಾಣ, ನಿತೇಶನಿಗೂ ಮುಂಬೈಯ ಹತ್ತು ಹನ್ನೆರಡು ಹೋಟೆಲಿನವರಿಗೂ ಫೋನಿನಲ್ಲಿ ಒಂದು ಗುಂಪು, ಒಬ್ಬೊಬ್ಬನೂ ಆರಾರು ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟಿಕೊಳ್ಳುವುದು, ಆ ಆರು ಜನ ನಿಜದಲ್ಲಿ ಎಲ್ಲೆಲ್ಲೋ ಬೆವರು ಸುರಿಸಿ ಆಡಿದ್ದಕ್ಕೆ ಇಲ್ಲಿ ಇವರಿಗೆ ಅಂಕ, ಫ್ಯಾಂಟಸಿ ಲೀಗ್ ಎಂದು ಹೆಸರು, ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದವನು ಆ ಗುಂಪಿನಲ್ಲಿ ಒಬ್ಬನೂ ಇಲ್ಲ, ಆದರೆ ಯಾರ ಕೈ ನಡುಗುತ್ತದೆ, ಯಾರ ಬೆನ್ನು ಹಿಡಿದಿದೆ ಎನ್ನುವುದು ವೈದ್ಯರಿಗಿಂತ ಮೊದಲು ಅವರಿಗೆ ಗೊತ್ತು. ಹಿಂದೆ ಕಾರ್ಡ್ ಇದ್ದಾಗ ನಿಮ್ಮನ್ನ್ ಬಿಟ್ಟಿದ್ದೆ, ಬೇಜಾರ್ ಮಾಡ್ಕಣ್ಬೇಡಿ, ಎಂದ ನಿತೇಶ. ಬೇಜಾರಾಗಿತ್ತು, ಯಾಕೆ ಆಗಬಾರದು, ಆ ವರ್ಷದ ದೀಪಾವಳಿಗೆ ಬಂದಾಗ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಪಟ್ಟಿಯಲ್ಲಿ ಆರು ಹೆಸರು, ತನ್ನ ತಂಗಿಯ ಗಂಡನ ಕೈಬರಹ, ಆರರಲ್ಲಿ ತಾನಿಲ್ಲ, ಎಲ್ಲಿಯೋ ಹರಿಯಾಣದವನೊಬ್ಬನಿದ್ದಾನೆ, ದೀಕ್ಷಾ ಬಂದು ಅದರ ಮೇಲೆ ಗ್ಯಾಸಿನವನ ಚೀಟಿ ಸಿಕ್ಕಿಸಿ ಮುಚ್ಚಿದಳು, ಮುಚ್ಚಿದ್ದೇ ಹೆಚ್ಚು ಚುಚ್ಚಿತು. ಆ ವೆಬ್‌ಸೈಟಿನವ್ ನಿಮ್ ಬಗ್ಗೆ ಎಂತ ಬರ್ದಿದ್ದ ಗೊತ್ತಿತ್ತಾ, ಎಂದು ನಿತೇಶ ಇಂಗ್ಲಿಷಿನಲ್ಲಿದ್ದುದನ್ನು ಬಾಯಿಪಾಠ ಮಾಡಿ ಕುಂದಾಪ್ರ ಕನ್ನಡಕ್ಕೆ ಇಳಿಸಿ ಹೇಳಿದ — ಪ್ರಾಯ ಆಯ್ತ್, ದೂರಕ್ ಹೊಡುಕೆ ಅಡ್ಡಿಲ್ಲ, ಹತ್ರ ಬಂದ್ರೆ ಕೈ ನಡ್ಗತ್ತ್, ಆರೆ ಹಳೆ ಹುಲಿ, ಬಿಸಿ ಏರ್ರೆ ಎರ್ಡ್ ಪಂದ್ಯ ಹೊಡ್ದ್ ಹಾಕುಕೂ ಸಾಕ್, ಧೈರ್ಯ ಇದ್ದವ್ರ್ ತಕಣಿ. ಧೈರ್ಯ ಇದ್ದವ್ ನಾನೇ ಅಲ್ದಾ, ಎಂದು ನಿತೇಶ ಎದೆ ತಟ್ಟಿಕೊಂಡು ನಕ್ಕ, ರತೀಶನೂ ಹಲ್ಲು ಕಿಸಿದ, ಎರಡು ಪಂದ್ಯ, ಹೌದು, ಅವನೂ ಲೆಕ್ಕ ಹಾಕಿದ್ದಾನೆ, ಹಾಕದೆ ಇರುತ್ತಾನೆಯೇ, ಕೋಲ್ಕತ್ತದಲ್ಲಿ ಮೊದಲ ಹತ್ತರೊಳಗೆ, ದೆಹಲಿಯಲ್ಲಿ ಗೆಲುವು, ಅಲ್ಲಿಂದ ವಿದೇಶ, ಟೊಪ್ಪಿಯ ಮೇಲೆ ಮತ್ತೆ ಯಾವುದಾದರೂ ಕಂಪನಿಯ ಗುರುತು, ಈಗ ಹಾಕಿಕೊಳ್ಳುವ ಟೊಪ್ಪಿಯ ಮೇಲೆ ಗುರುತು ಕಿತ್ತ ದಾರದ ತುದಿಗಳು ಮಾತ್ರ, ಹೆಂಡತಿ ಪ್ರಣೀತಾ ಅವನ್ನು ಬ್ಲೇಡಿನಿಂದ ಕೆರೆದು ತೆಗೆಯಲು ನೋಡಿ ಬಟ್ಟೆಯನ್ನೇ ತೂತು ಮಾಡಿದ್ದಳು. ಕನಸಿಗೂ ಆ ಅಕ್ಕಿಕಾಳಿನಷ್ಟು ಹೊರಳಿದ ಚೆಂಡಿಗೂ ನಡುವೆ ಇರುವುದು ಒಂದು ಮಾತು, ನಾಲ್ಕೇ. ಆ ಮಾತು ಇನ್ನೂ ಬಾಯಲ್ಲೇ ಇದೆ, ಉಗುಳಲೂ ಆಗದೆ ನುಂಗಲೂ ಆಗದೆ.

ಗಾಳಿ ಇತ್ತು, ಗಾಳಿಗೂ ಚೆಂಡು ಹೊರಳುತ್ತದೆ, ಗಾಳಿಗೆ ಹೊರಳಿದರೆ ದಂಡವಿಲ್ಲ ಎಂದು ನಿಯಮವೇ ಬದಲಾಗಿದೆ ಈಚೆಗೆ — ಕೋಟೇಶ್ವರದ ಹತ್ತಿರ ಲಾರಿಯೊಂದು ಅಡ್ಡ ಬಂದು ನಿತೇಶ ಬ್ರೇಕ್ ಹಾಕಿ, ಹ್ವಾಯ್, ಕಣ್ ಕಾಂತಿಲ್ಯಾ, ಎಂದು ಕಿಟಕಿಯಿಂದ ಕೂಗಿದ — ಆದರೆ ಬಾವುಟ ಸತ್ತಂತೆ ಜೋತುಬಿದ್ದಿತ್ತು, ಅದೂ ನೆನಪಿದೆ, ಗಾಳಿಯನ್ನು ಅವನು ಆಮೇಲೆ ಹುಟ್ಟಿಸಿಕೊಂಡದ್ದು, ವಿಮಾನದಲ್ಲಿ ಬರುವಾಗ ಸ್ವಲ್ಪ, ತಂಗಿಯ ಮನೆಗೆ ಬಂದ ಮೇಲೆ ಇನ್ನಷ್ಟು, ಈಗ ಬಿರುಗಾಳಿಯೇ ಆಗಿದೆ. ಕುಂದಾಪುರ ಬಂತು, ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸುಗಳ ಗಲಾಟೆ, ಇಲ್ಲಿಂದಲೇ ಬಸ್ಸು ಹತ್ತಿದ್ದು, ತೊಂಬತ್ತೇಳರ ಜೂನು, ಹದಿನಾರು ವರ್ಷ, ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಕೈಕೊಟ್ಟಿತ್ತು, ಶೀನ ಮಾವ ಪಕ್ಕದಲ್ಲಿ ಕೂತು, ಲೆಕ್ಕ ಬಪ್ದಿಲ್ಲದಿದ್ರೆ ಎಂತ, ಬಾಯಿ ಸರಿ ಇತ್ತಲ, ಸಾಕ್, ಎಂದಿದ್ದರು. ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನ ಹಿಂಬದಿ, ಚೀಲ ಹೊರುವ ಕ್ಯಾಡಿಗಳಿಗೆ, ಹುಲ್ಲು ಕತ್ತರಿಸುವವರಿಗೆ, ಡ್ರೈವರುಗಳಿಗೆಂದು ಇದ್ದ ಕ್ಯಾಂಟೀನು ಮಾವನದ್ದು, ಒಂದು ಒಲೆ, ಎರಡು ಬೆಂಚು, ಗುಲ್ವಾಡಿಯ ಅಡುಗೆ ಭಟ್ಟ ಸೂರಣ್ಣ, ಅವನ ಮಗನೇ ಈ ಕೌಶಲ, ಆಗಿನ್ನೂ ಏಳೆಂಟು ವರ್ಷದವನು, ರಜೆಯಲ್ಲಿ ಬಂದರೆ ಬೇಲಿಯಾಚೆ ಬಿದ್ದ ಚೆಂಡುಗಳನ್ನು ಆರಿಸಿ ತಂದು ಸೋಪಿನ ನೀರಿನಲ್ಲಿ ತೊಳೆಯುತ್ತ ಕೂರುತ್ತಿದ್ದ, ರತೀಶನೇ ಅವನಿಗೆ ಕೋಲು ಹಿಡಿಯುವುದನ್ನು ಹೇಳಿಕೊಟ್ಟದ್ದು, ಹೆಬ್ಬೆರಳ್ ಇಲ್ಲಿ ಇಡ್ಕ್ ಮಾಣಿ, ಕತ್ತ್ ಹಿಚ್ಕುದಲ್ಲ, ಹಕ್ಕಿ ಮರಿ ಹಿಡ್ದಂಗ್ ಹಿಡಿ. ಅವನು ಕಲಿತ. ಚೆನ್ನಾಗಿ ಕಲಿತ. ಮಾವನ ಕ್ಯಾಂಟೀನಿನಲ್ಲಿ ಚೀಟಿ ಇಲ್ಲ, ಬಿಲ್ಲಿಲ್ಲ, ತಿಂದವರು ಕೈ ತೊಳೆದು ಗಲ್ಲಾದ ಮುಂದೆ ನಿಲ್ಲಬೇಕು, ಮಾವ ಕನ್ನಡಕದ ಮೇಲಿಂದ ನೋಡಿ, ಎಂತೆಲ್ಲ ಆಯ್ತ್, ಎಂದು ಕೇಳಬೇಕು, ತಿಂದವನು ಏನು ಹೇಳಿದನೋ ಅದೇ ಆಯಿತು, ಮುಗಿಯಿತು. ಒಂದು ದಿನ ಒಬ್ಬ ದಪ್ಪ ಡ್ರೈವರು ಮೂರು ವಡೆ ತಿಂದು ಒಂದೇ ಎಂದ, ಬಡಿಸಿದವನು ರತೀಶನೇ, ಮೈಯೆಲ್ಲ ಉರಿದು, ಮಾವ, ಮೂರ್ ತಿಂದಿದ್ದ ಅವ್ನ್, ನಾನೇ ಹಾಕದ್ದ್, ಮತ್ತೊಂದ್ ಸಲ ಕೇಣಿ, ಎಂದ. ಮಾವ ಒಂದೇ ವಡೆಯ ದುಡ್ಡು ತೆಗೆದುಕೊಂಡು ಡ್ರೈವರನ್ನು ಕಳಿಸಿ, ಆಮೇಲೆ, ಒಂದ್ ಸಲ ಕೇಂಡಾಯ್ತಲ, ಎರಡ್ನೇ ಸಲ ಕೇಂಡ್ರೆ ಅವ್ನ್ ಕಳ್ಳ ಅಂದೇಳಿ ನಾನೇ ಹೇಳ್ದಂಗ್ ಆತ್ತ್, ಎಂದರು. ಎಂಥ ಪೆದ್ದು ಮನುಷ್ಯ ಎಂದುಕೊಂಡಿದ್ದ ಆಗ, ಒಲೆಯ ಹತ್ತಿರ ಕೂತು ಚೆಂಡು ತೊಳೆಯುತ್ತಿದ್ದ ಕೌಶಲನನ್ನು ನೋಡಿ ಕಣ್ಣು ಮಿಟುಕಿಸಿದ್ದ, ಆ ಹುಡುಗ ನಗಲಿಲ್ಲ. ಮಾವ ಹೋಗಿ ಐದು ವರ್ಷವಾಯಿತು, ಕ್ಯಾಂಟೀನಿನ ಜಾಗದಲ್ಲಿ ಈಗ ಕಾಫಿ ಯಂತ್ರವಿದೆ.

ಸೇತುವೆ ದಾಟಿ ತಲ್ಲೂರು, ಅವನ ಊರು, ಎರಡು ಸಾವಿರದ ಆರರಲ್ಲಿ ಅವನ ಮೊದಲ ಗೆಲುವಿಗೆ ಇದೇ ಕ್ರಾಸಿನಲ್ಲಿ ಹತ್ತಡಿ ಫ್ಲೆಕ್ಸು ಕಟ್ಟಿದ್ದರು, ಕುಂದಾಪುರದ ಸ್ಟುಡಿಯೋದವನಿಗೆ ಇವನು ಗಾಲ್ಫ್ ಆಡುವ ಫೋಟೋ ಸಿಗಲಿಲ್ಲ, ಯಾರೋ ಬಿಳಿಯನ ಮೈಗೆ ಇವನ ರೇಷನ್ ಕಾರ್ಡಿಗೂ ಬೇಡದಂಥ ಮುಖ ಅಂಟಿಸಿದ್ದ, ಕೈ ಮಾತ್ರ ಕೆಂಪು ಕೂದಲಿನ ಬೆಳ್ಳನೆಯ ಕೈ, ಅಮ್ಮ ಚಂದ್ರಮತಿ ಅದರ ಕೆಳಗೆ ನಿಂತು, ಮಗ ದಪ್ಪ ಆಯ್ದ, ಎಂದು ಸಂತೋಷಪಟ್ಟಳು. ಆ ವರ್ಷ ಎಲ್ಲರೂ ತಲೆಯ ಮೇಲೆ ಕೂರಿಸಿಕೊಂಡರು, ಮರುವರ್ಷ ಎರಡು ಕಡೆ ಎರಡನೆಯ ಸ್ಥಾನ, ಮಲೇಷ್ಯಾಕ್ಕೆ ಕರೆ, ಅಲ್ಲಿಯ ಹೋಟೆಲಿನ ಕಿಟಕಿಯಲ್ಲಿ ನಿಂತು ಪ್ರಣೀತಾಳಿಗೆ ಫೋನ್ ಮಾಡಿ, ಇನ್ನ್ ನಿಂತ್ಕಂಬ್ದ್ ಇಲ್ಲ, ಎಂದಿದ್ದ, ಮದುವೆಯಾಗಿ ಮೂರು ತಿಂಗಳು, ಅವಳು, ಅಲ್ಲಿ ಊಟ ಹ್ಯಾಂಗಿತ್ತ್, ಎಂದು ಕೇಳಿದ್ದಳು. ಆಮೇಲೆ ಕೈ. ಎರಡು ಸಾವಿರದ ಎಂಟು, ಕೋಲ್ಕತ್ತ, ಹೀಗೇ ಮೂರಡಿ, ಕಣ್ಣು ಮುಚ್ಚಿಯೂ ಹಾಕಬಹುದಾದ ಚೆಂಡು, ಪಟ್ಟರು ಊರಿದ, ಬಲಗೈಯ ಮಣಿಕಟ್ಟು ಬೇರೆ ಯಾರದೋ ಎಂಬ ಹಾಗೆ ಜಗ್ಗಿತು, ಚೆಂಡು ಹೋಲಿನ ಪಕ್ಕದಲ್ಲಿ ಹಾದು ಮೂರಡಿ ಆಚೆ ಹೋಗಿ ನಿಂತಿತು, ಯಾರೋ ನಕ್ಕರು, ನಗಲಿಲ್ಲವೇನೋ, ನಕ್ಕ ಹಾಗೆ ಕೇಳಿತು. ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ ಕೈಗೆ ಏನೂ ಆಗಿಲ್ಲ ಎಂದರು, ಆಗಿಲ್ಲದ ಕಾಯಿಲೆಗೆ ಮದ್ದೆಲ್ಲಿ, ಉದ್ದ ಪಟ್ಟರು, ಗಿಡ್ಡ ಪಟ್ಟರು, ಎಡಗೈ ಕೆಳಗೆ ಹಿಡಿದು, ಕಣ್ಣು ಹೋಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು, ಎಲ್ಲ ಮಾಡಿದ, ನೂರು ಗಜದ ಹೊಡೆತಕ್ಕೆ ಬಂಡೆಯ ಹಾಗಿರುವ ಕೈ ಮೂರಡಿಗೆ ಬಂದರೆ ಎಲೆಯ ಹಾಗೆ, ಎರಡು ಸಾವಿರದ ಹತ್ತರಲ್ಲಿ ಕಾರ್ಡು ಹೋಯಿತು. ಮತ್ತೆ ಮೂರು ವರ್ಷ ಹೊಟ್ಟೆ ಅಡ್ಡ ಬರುವ ದೊಡ್ಡ ಮನುಷ್ಯರಿಗೆ ಪಾಠ, ಸರ್, ತಲೆ ಎತ್ತಬೇಡಿ, ಸರ್, ಸೂಪರ್ ಸರ್, ಚೆಂಡು ಕೆಸರಿಗೆ ಬಿದ್ದರೂ ಸೂಪರ್ ಸರ್. ಹಾಗಾದರೆ ಚೆಂಡು ಯಾಕೆ ಹೊರಳಿತು ಎಂದು ಯಾರಾದರೂ ಕೇಳಿದರೆ ಹೇಳಬೇಕಾದ್ದು ಬರೀ ದಂಡದ ಮಾತಲ್ಲ, ಹೇಳಬೇಕಾದ್ದು ಕೈ ನಡುಗಿತು ಎಂದು, ಇನ್ನೂ ನಡುಗುತ್ತದೆ, ವಾಸಿಯಾಗಿಲ್ಲ, ಹುಲಿಯೂ ಇಲ್ಲ, ಗಿಲಿಯೂ ಇಲ್ಲ, ಧೈರ್ಯವಿದ್ದವರು ತೆಗೆದುಕೊಂಡದ್ದು ಒಂದು ನಡುಗುವ ಕೈಯನ್ನು. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಸುಳ್ಳು ಸಲೀಸಾಗಿತ್ತು, ಇಷ್ಟೇ ಸತ್ಯ, ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಬನಿ, ಬೊಂಡ ಕುಡಿವ, ಎಂದು ನಿತೇಶ ತ್ರಾಸಿಯಲ್ಲಿ ಎಳನೀರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದ, ಎಡಗಡೆ ಸಮುದ್ರ, ಬಿಸಿಲಿಗೆ ನೋಡಲಾಗದಷ್ಟು ಹೊಳಪು, ನಾಲ್ಕೂಕಾಲು ಗಂಟೆ. ಈ ಮರಳಿನಲ್ಲೇ ಕ್ಲಬ್ಬಿನವರು ಎಸೆದ ತುಕ್ಕು ಹಿಡಿದ ಕೋಲಿನಲ್ಲಿ ಗಂಟೆಗಟ್ಟಲೆ ಹೊಡೆದದ್ದು, ರಜೆಗೆ ಊರಿಗೆ ಬಂದಾಗ, ಬಲೆ ಎಳೆಯುವವರು ನಿಂತು ನೋಡಿ, ಎಂತ ಕಳ್ಕಂಡ್ಯಾ ಮಾಣಿ, ನಾವೂ ಹುಡುಕ್ತೋ, ಎಂದದ್ದು. ಫೋನು ತೆಗೆದ, ಟೂರ್ ಕಚೇರಿಯ ಮಿಂಚಂಚೆ ನಾಲ್ಕು ದಿನದಿಂದ ಹಾಗೇ ಕೂತಿದೆ, ಇಂದು ಸಂಜೆ ಆರು ಗಂಟೆಯೊಳಗೆ ಒಪ್ಪಿಗೆ ಕಳಿಸತಕ್ಕದ್ದು, ಕಳಿಸದಿದ್ದಲ್ಲಿ ಸ್ಥಾನವು ಪಟ್ಟಿಯ ಮುಂದಿನವರಿಗೆ ಹೋಗತಕ್ಕದ್ದು. ಒಂದು ಗುಂಡಿ ಒತ್ತಿದರೆ ಆಯಿತು, ಇಡೀ ವರ್ಷ ಅವನದ್ದು, ಮೂವತ್ತಮೂರಕ್ಕೆ ಇನ್ನೊಮ್ಮೆ ಯಾರು ಕೊಡುತ್ತಾರೆ, ಪ್ರಣೀತಾಳಿಗೆ ಮಾತು ಕೊಟ್ಟಾಗಿದೆ, ಇದೇ ಕೊನೆ, ಇದು ಆಗದಿದ್ದರೆ ಯಾವುದಾದರೂ ಶಾಲೆಯಲ್ಲಿ ಆಟದ ಮೇಷ್ಟ್ರು, ಅವಳು ಸುದ್ದಿ ಕೇಳಿ ಫೋನಿನಲ್ಲೇ ಅತ್ತುಬಿಟ್ಟಳು, ಏಳು ವರ್ಷ ಊಟ ಹೇಗಿತ್ತು ಎಂದಷ್ಟೇ ಕೇಳಿದವಳು. ಅಥವಾ ಹೇಳುವುದು, ಕಚೇರಿಗೆ ಫೋನ್ ಮಾಡಿ, ಚೆಂಡು ಹೊರಳಿತ್ತು, ನಾನು ಹೇಳಲಿಲ್ಲ, ಎಂದು, ಆಗ ಕಾರ್ಡಷ್ಟೇ ಅಲ್ಲ, ಹೆಸರೂ ಹೋಯಿತು, ಯಾವ ಶಾಲೆಯವನು ಮೇಷ್ಟ್ರು ಮಾಡುತ್ತಾನೆ, ನಿತೇಶ ತನ್ನ ಗುಂಪಿಗೆ ಯಾವ ಮುಖ ತೋರಿಸುತ್ತಾನೆ. ಅಥವಾ — ಇದು ನಿನ್ನೆ ಹೊಳೆದದ್ದು, ಹೊಳೆದಾಗ ಎಷ್ಟು ಹಗುರಾಯಿತು ಎಂದರೆ ಎರಡು ಚಪಾತಿ ಜಾಸ್ತಿ ತಿಂದ — ಸುಮ್ಮನೆ ಬಿಡುವುದು, ಒಪ್ಪಿಗೆ ಕಳಿಸದೆ ಇರುವುದು, ಬೆನ್ನು ನೋವು ಎನ್ನುವುದು, ಸ್ಥಾನ ತಾನಾಗಿ ಕೌಶಲನಿಗೆ ಹೋಗುತ್ತದೆ, ಅವನಿಗೆ ಸಿಗಬೇಕಾದ್ದು ಅವನಿಗೆ ಸಿಕ್ಕಿತು, ಯಾರಿಗೂ ಏನೂ ಗೊತ್ತಾಗಲಿಲ್ಲ, ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ತನ್ನ ಶಿಷ್ಯನಿಗೆ ಜಾಗ ಬಿಟ್ಟುಕೊಟ್ಟ ದೊಡ್ಡ ಮನುಷ್ಯ ಎಂದೂ ಅಂದಾರು. ಅಂದಾರು, ಹೌದು, ಅದನ್ನೂ ಎಣಿಸಿದ್ದಾನೆ ನೋಡು, ನಾಚಿಕೆಯಿಲ್ಲದವನು. ಕೌಶಲ ನಾಲ್ಕು ದಿನದಿಂದ ಒಂದು ಫೋನೂ ಮಾಡಿಲ್ಲ, ಕೈ ಕುಲುಕುವಾಗಲೂ ಟೊಪ್ಪಿಯನ್ನು ಕಣ್ಣಿಗೆ ಎಳೆದುಕೊಂಡಿದ್ದ, ಸೋತ ಬೇಸರ, ಒಂದು ಹೊಡೆತದಲ್ಲಿ ಸೋತರೆ ಯಾರಿಗಾದರೂ ಬೇಸರವೇ, ಗುಲ್ವಾಡಿಯಲ್ಲಿ ಮನೆಯಲ್ಲೇ ಇದ್ದಾನಂತೆ. ಬೊಂಡದ ನೀರು ಸಪ್ಪೆಯಾಗಿತ್ತು. ಎಂತ ಭಾವ, ಗಂಜಿ ಆಯ್ತಾ, ಎಂದು ಬೊಂಡದೊಳಗಿನ ಎಳೆ ತಿರುಳಿನ ಬಗ್ಗೆ ನಿತೇಶ ಕೇಳಿದ, ಏನು ಕೇಳಿದನೆಂದು ತಿಳಿಯದೆ ರತೀಶ, ಆಯ್ತ್, ಎಂದ.

ಮರವಂತೆ, ನಾವುಂದ, ಉಪ್ಪುಂದ, ಯಾವುದೂ ಕಣ್ಣಿಗೆ ಹತ್ತಲಿಲ್ಲ, ಹತ್ತಿದ್ದು ಆ ಪೆನ್ಸಿಲ್ಲು ಮಾತ್ರ, ಯಾಕೆ ನಿಂತಿತು ಅದು, ಒಂದು ಗಳಿಗೆ, ಬರೆಯುವ ಮುಂಚೆ, ಯಾರ ಪೆನ್ಸಿಲ್ಲಾದರೂ ನಿಲ್ಲುತ್ತದೆ, ಬಿಸಿಲು, ಬೆವರು, ಸೋತವನ ಕೈ ಭಾರ. ಬೈಂದೂರಿನ ಸಭಾಭವನದ ಹೊರಗೆ ಪ್ಲಾಸ್ಟಿಕ್ ತೋರಣ, ಒಳಗೆ ಸುಮಾರು ಇನ್ನೂರು ಕುರ್ಚಿ, ಮುಕ್ಕಾಲು ಭರ್ತಿ, ಯುವಕ ಮಂಡಲದ ಅಧ್ಯಕ್ಷ ಭೋಜಣ್ಣ ಬಂದು ಎರಡೂ ಕೈ ಹಿಡಿದುಕೊಂಡು, ಇದೇ ಕೈ ಅಲ್ದಾ, ಎಂದು ಸುತ್ತಲಿನವರಿಗೆಲ್ಲ ತೋರಿಸಿದರು, ರತೀಶ ಕೈ ಬಿಡಿಸಿಕೊಂಡು ಪ್ಯಾಂಟಿನ ಜೇಬಿಗೆ ತುರುಕಿದ. ವೇದಿಕೆಯ ಮೇಲೆ ಕೂರಿಸಿದರು, ಪ್ರಾರ್ಥನೆ, ಸ್ವಾಗತ, ಒಬ್ಬರಾದ ಮೇಲೆ ಒಬ್ಬರು, ನಮ್ಮ ನೆಲದ ಮಗ, ಕ್ಯಾಂಟೀನಿನಿಂದ ಕ್ರೀಡಾಂಗಣಕ್ಕೆ, ಬಿದ್ದರೂ ಎದ್ದು ನಿಂತ ಛಲಗಾರ, ಐದೂಮುಕ್ಕಾಲು, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಕಟ್ಟಿಸಿದ ಸನ್ಮಾನ ಪತ್ರವನ್ನು ಇನ್ನೇನು ಓದುತ್ತಾರೆ, ಅದರಲ್ಲಿರುವ ವಿವರವನ್ನೆಲ್ಲ ಕಳಿಸಿದವನು ಅವನೇ, ಹುಟ್ಟಿದ ಇಸವಿ, ಗೆದ್ದ ಪಂದ್ಯ, ಉಳಿದದ್ದನ್ನು ಓದುವ ಮೇಷ್ಟ್ರು ಸೇರಿಸಿಕೊಂಡಿದ್ದಾರೆ, ಮೈಕಿನ ಹತ್ತಿರ ಬಾಯಿ ತಂದು, ತನ್ನ ತಪ್ಪನ್ನು ತಾನೇ ಎಣಿಸಿ ಹೇಳಬೇಕಾದ ಏಕೈಕ ಕ್ರೀಡೆಯಲ್ಲಿ ಕಳಂಕವಿಲ್ಲದೆ, ಎಂದು ಶುರು ಮಾಡಿದರು. ಒಂದು ನಿಮಿಷ, ಬಾತ್‌ರೂಮ್, ಎಂದು ಪಕ್ಕದವರ ಕಿವಿಯಲ್ಲಿ ಹೇಳಿ ರತೀಶ ಪರದೆಯ ಹಿಂದೆ ಹೋದ, ಪಾತ್ರೆಗಳು, ಮಡಚಿಟ್ಟ ಜಮಖಾನೆ, ಐದೂ ಐವತ್ತೆರಡು, ಕೌಶಲನ ನಂಬರು, ಎರಡು ಸಲ ರಿಂಗಾದ ಮೇಲೆ ತೆಗೆದ. ಅಣ್ಣ, ಎಂದ. ಅಷ್ಟೇ. ರತೀಶ ಒಂದೇ ಉಸಿರಿಗೆ ಹೇಳಿ ಮುಗಿಸಿದ, ಕಾಣ್ ಮಾಣಿ, ನಾನ್ ಕಾರ್ಡ್ ತಕಂತಿಲ್ಲೆ, ಬೆನ್ನ್ ಹಿಡ್ದಿತ್ತ್, ಡಾಕ್ಟ್ರ್ ಆಡುಕಾಗ ಅಂದ್ರ್, ನಾನ್ ಒಪ್ಪಿಗೆ ಕಳ್ಸುದಿಲ್ಲ, ನಿಂಗ್ ಬತ್ತ್ ಅದ್, ನೀನ್ ತಯಾರಿರ್. ಆ ಕಡೆ ಕೋಳಿಯೊಂದು ಕೂಗಿದ್ದು ಕೇಳಿಸಿತು, ಯಾರೋ ಕೊಡಪಾನ ಇಟ್ಟ ಸದ್ದು. ಬ್ಯಾಡ ಅಣ್ಣ, ಎಂದ ಕೌಶಲ. ಎಂತ ಬ್ಯಾಡ, ನಾಟಕ ಮಾಡ್ಬೇಡ, ನಿಂಗೇ ಬರ್ಕಾದ್ದ್ ಅದ್. ಬೆನ್ನ್ ನೋವಂದೇಳಿ ಬಪ್ಪ ಕಾರ್ಡ್ ನಂಗ್ ಬ್ಯಾಡ ಅಣ್ಣ, ಎಂದ ಕೌಶಲ, ದನಿ ಏರಲಿಲ್ಲ, ಚೆಂಡ್ ಹೊರ್ಳದ್ದ್ ನಾನ್ ಕಂಡಿದ್ದೆ.

ಪರದೆಯಾಚೆ ಮೇಷ್ಟ್ರು ಓದುತ್ತಿದ್ದಾರೆ, ಓದುತ್ತಲೇ ಇದ್ದಾರೆ, ಜನ ಚಪ್ಪಾಳೆ ತಟ್ಟಿದರು, ಕಂಡಿದ್ದ, ಎಲ್ಲಿ ನಿಂತಿದ್ದ ಅವನು, ಎದುರಿಗೇ ಅಲ್ಲವೇ, ಮೊಣಕಾಲೂರಿ ತನ್ನ ಚೆಂಡಿನ ಹಿಂದೆ, ಹಸಿರು ಗೆರೆ ನೇರ ಅವನ ಕಡೆಗೇ ನೆಟ್ಟಿತ್ತು, ಕಾಣದೆ ಇರಲು ಅವನೇನು ಕುರುಡನೇ, ಆ ಮೈದಾನದಲ್ಲಿ ಅವನು ಒಂದು ಮಾತು ಎತ್ತಿ ಹೇಳಿದ್ದರೆ ಆ ಕೊನೆಯ ಜಾಗಕ್ಕೆ ಇಬ್ಬರೂ ಇನ್ನೊಂದು ಹೋಲ್ ಆಡಬೇಕಿತ್ತು, ಈ ನಡುಗುವ ಕೈಯನ್ನು ಅವನು ಒಂದೇ ಕೈಯಲ್ಲಿ ಸೋಲಿಸುತ್ತಿದ್ದ, ಕಾರ್ಡು ಅವನದ್ದಾಗುತ್ತಿತ್ತು, ಇಪ್ಪತ್ತನಾಲ್ಕು ವರ್ಷ, ಮೊದಲ ಸಲ, ಎಲ್ಲ ಬಿಟ್ಟು ಸುಮ್ಮನೆ ನಿಂತ, ಹುಚ್ಚನೇ, ಹೆದರಿದನೇ, ತನ್ನ ಮೇಲಿನ ಗೌರವಕ್ಕೇ — ಸಿಟ್ಟು ಬಂತು ರತೀಶನಿಗೆ, ನಿಜವಾಗಿ ಸಿಟ್ಟು, ಕಳ್ಳನನ್ನು ಹಿಡಿಯದೆ ಬಿಟ್ಟವನ ಮೇಲೆ ಕಳ್ಳನಿಗೆ ಬರುವ ಸಿಟ್ಟು, ಕಂಡಿದ್ರೆ ಆಗ್ಳೇ ಎಂತಕ್ ಹೇಳ್ಲಿಲ್ಲ ನೀನ್, ಎಂದು ಕೂಗಿಬಿಟ್ಟ, ಪರದೆಯ ಈಚೆ ಪಾತ್ರೆ ಜೋಡಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು. ನಾನ್ ಕೇಂಡಿದ್ನಲ ಅಣ್ಣ, ಎಂದ ಕೌಶಲ. ಬನಿ ಭಾವ, ಎಲ್ರೂ ಕಾಯ್ತಿದ್ರ್, ಎಂದು ನಿತೇಶ ಪರದೆ ಸರಿಸಿ ಕೈ ಹಿಡಿದ, ಶಾಲು ಬಿಚ್ಚಿ ಹಿಡಿದ ಎರಡು ಜೊತೆ ಕೈಗಳು, ಬೆಳಕು, ಇನ್ನೂರು ಮುಖ, ಆರಕ್ಕೆ ನಾಲ್ಕು ನಿಮಿಷ, ಮೂರು ನಿಮಿಷ, ಫೋನು ಇನ್ನೂ ಕಿವಿಯಲ್ಲೇ, ಆ ಕಡೆ ಅವನೂ ಇಟ್ಟಿಲ್ಲ, ಉಸಿರು ಕೇಳಿಸುತ್ತಿದೆ, ಕಾಯುತ್ತಿದ್ದಾನೆ, ಆ ದಿನದ ಹಾಗೇ, ಕೇಳಿದ್ದ, ಹೌದು ಕೇಳಿದ್ದ, ಗಲ್ಲಾದ ಮಾವನ ಹಾಗೆ ಒಂದೇ ಸಲ, ನಾಲ್ಕಾ ಅಣ್ಣ, ಕೇಳಿ ಕಾದಿದ್ದ, ಬಿಸಿಲಿಗಲ್ಲ, ಬೆವರಿಗಲ್ಲ, ಸೋತದ್ದಕ್ಕಲ್ಲ, ಕಾರ್ಡಿನ ಆ ಖಾಲಿ ಚೌಕದ ಮೇಲೆ, ಇನ್ನೂ ಮುಟ್ಟದೆ, ನಿಂತ ಪೆನ್ಸಿಲ್ಲು —